ಬದಲಿ ಯಾರು?

ಆ ಭಾನುವಾರ ಬಾಮೈದ ಬಾಯಿ ಮುಚ್ಚಿಕೊಂಡಿದ್ದರೆ ಇಷ್ಟೆಲ್ಲ ಫಜೀತಿ ಆಗುತ್ತಿರಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡಿರುವ ಬಾಮೈದ ಯಾರ ಮನೆಯಲ್ಲಿ ತಾನೇ ಇದ್ದಾನೆ?

ಮಗಳ ಮದುವೆಯ ದಿನ ಗೊತ್ತುಮಾಡಲು ಗಂಡಿನ ಕಡೆಯವರು ಬಂದಿದ್ದರು. ಮನೆಯಲ್ಲಿದ್ದ ನಾಲ್ಕು ಕುರ್ಚಿ ಸಾಲದೆ ಪಕ್ಕದ ಮನೆಯ ಟೈಲರನಿಂದ ಎರಡು ಕಡ ತಂದಿದ್ದಾಗಿತ್ತು. ಬೀಗರಾಗಲಿದ್ದ ಹಿರಿಯರು ಮೂವತ್ತೆರಡು ವರ್ಷ ರೈಲಿನಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಅವರಿಗೆ ಮಾತು ಕಡಿಮೆ, ಗಡಿಯಾರ ನೋಡಿಕೊಳ್ಳುವುದು ಜಾಸ್ತಿ. ಯಾರು ಏನೇ ಹೇಳಿದರೂ "ಹೌದಾ" ಎನ್ನುತ್ತಿದ್ದರು. ಆ "ಹೌದಾ"ದಲ್ಲಿ ನಂಬಿಕೆ ಬಹಳ ಕಡಿಮೆ ಇರುತ್ತಿತ್ತು.

ಮದುವೆ ಮೂರು ವಾರ ಬಿಟ್ಟು ಬರುವ ಗುರುವಾರ, ಬೆಳಿಗ್ಗೆ ಹತ್ತೂವರೆಗೆ ಎಂದು ತೀರ್ಮಾನವಾಯಿತು. ಹಾಲ್ ಸಿಕ್ಕಿದ್ದೇ ಆ ದಿನಕ್ಕೆ. ಮದುವೆ ನೋಂದಣಿಯವರು ಪುಸ್ತಕ ಹಿಡಿದುಕೊಂಡು ಹಾಲ್‌ಗೇ ಬರುತ್ತಾರೆ. ಹುಡುಗ ಹುಡುಗಿ ಸಹಿ ಹಾಕಬೇಕು, ಸಾಕ್ಷಿಗಳು ಸಹಿ ಹಾಕಬೇಕು, ಅಲ್ಲಿಗೆ ಮುಗಿಯಿತು. ಹತ್ತೂವರೆ ಎಂದರೆ ಹತ್ತೂವರೆ ಎಂದು ಬೀಗರು ಎರಡು ಸಲ ಹೇಳಿದರು. ಒಳಗಿನಿಂದ ಬಂದ ಮಗಳು ತನ್ನದೂ ಒಂದು ಷರತ್ತು ಸೇರಿಸಿದಳು. ಮೊದಲ ಸಾಕ್ಷಿ ಅಪ್ಪನೇ ಆಗಬೇಕು, ಅಪ್ಪ ಸಹಿ ಹಾಕದೆ ತಾನು ಹಾಕುವುದಿಲ್ಲ.

ಎಲ್ಲ ಸುಸೂತ್ರವಾಗಿ ಮುಗಿಯಿತು ಎನ್ನುವಾಗ ಬೀಗರು ಸುಮ್ಮನೆ ಇರಲಾರದೆ, ತಮಗೆ ನಗರಪಾಲಿಕೆಯಲ್ಲಿ ಏನು ಕೆಲಸ ಎಂದು ಹುಡುಗಿಯ ಅಪ್ಪನನ್ನು ಕೇಳಿದರು.

ಹುಡುಗಿಯ ಅಪ್ಪ ಪಾಲಿಕೆಯ ಸಿಬ್ಬಂದಿ ಶಾಖೆಯಲ್ಲಿ ರಜೆ ಅರ್ಜಿಗಳನ್ನು ನೋಡುವ ಗುಮಾಸ್ತ. ಇಪ್ಪತ್ತಾರು ವರ್ಷದಿಂದ ಅದೇ ಕುರ್ಚಿ, ಅದೇ ಮೇಜು, ಅದೇ ಪೆನ್ಸಿಲು. ಅವನಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದಿರಲೇಬೇಕು. ಆದರೆ ಆಫೀಸಿನಲ್ಲಿ ಎಲ್ಲರಿಗೂ ಅವನು ರಜಾಮೂರ್ತಿ. ಆ ಹೆಸರು ಬೀದಿಗೂ ಬಂದು, ಈಗ ಹಾಲಿನವನೂ ಹಾಗೆಯೇ ಕರೆಯುತ್ತಾನೆ. ಕೇಳಿದ್ದಕ್ಕೆ ಉತ್ತರ ಹೇಳಲು ರಜಾಮೂರ್ತಿ ಬಾಯಿ ತೆರೆದದ್ದು ನಿಜ. "ನಾನು ರಜೆ..." ಎನ್ನುವಷ್ಟರಲ್ಲಿ ಬಾಮೈದ ಕುರ್ಚಿಯ ತುದಿಗೆ ಬಂದ.

"ನಮ್ಮ ಭಾವನ ಕೆಲಸ ಅಂತೀರಾ? ಅವರು ಕೈಯಾಡಿಸ್ದೆ ಈ ಊರಲ್ಲಿ ಒಂದು ನಲ್ಲೀಲೂ ನೀರು ಬರಲ್ಲ, ತಿಳ್ಕೊಳ್ಳಿ."

"ಹೌದಾ" ಎಂದರು ಬೀಗರು.

ಅಲ್ಲಿಯೇ ಇಲ್ಲ ಎಂದುಬಿಡಬಹುದಿತ್ತು. ಆದರೆ ಇಪ್ಪತ್ತಾರು ವರ್ಷದಲ್ಲಿ ಒಬ್ಬನಾದರೂ ತನ್ನ ಬಗ್ಗೆ ಅಷ್ಟು ದೊಡ್ಡ ಮಾತು ಆಡಿದ್ದು ಅದೇ ಮೊದಲು. ರಜಾಮೂರ್ತಿ ಬೆನ್ನು ನೆಟ್ಟಗೆ ಮಾಡಿಕೊಂಡು ಗೋಡೆ ನೋಡುತ್ತ ಕೂತ. ಹೆಂಡತಿ ಮಾತ್ರ ಬಾಗಿಲ ಹಿಂದಿನಿಂದ ತಮ್ಮನನ್ನು ನೋಡಿದ ನೋಟಕ್ಕೆ ಬೇರೆಯವರಾಗಿದ್ದರೆ ಸುಟ್ಟು ಹೋಗಬೇಕಿತ್ತು.

ಮಾರನೆಯ ದಿನ ಆಫೀಸಿಗೆ ಹೋದರೆ ಅಲ್ಲಿ ಬೋರ್ಡೇ ಬದಲಾಗಿತ್ತು. ಹೊಸ ಅಧಿಕಾರಿಯೊಬ್ಬರು ಬಂದಿದ್ದರು. ಇನ್ನೂ ಮೂವತ್ತು ದಾಟಿರದ ಮೇಡಂ, ಚುರುಕು, ಎಲ್ಲರಿಗೂ ತಾವೇ ಮೊದಲು ನಮಸ್ಕಾರ ಹೇಳುವವರು. ಸಿಬ್ಬಂದಿ ಶಾಖೆ ಎಂಬ ಹಳೆಯ ಬೋರ್ಡನ್ನು ಇಳಿಸಿ ಮಾನವ ಸಂಪನ್ಮೂಲ ವಿಭಾಗ ಎಂದು ಏರಿಸಿದ್ದರು. ಹೆಸರು ಉದ್ದವಾದ್ದರಿಂದ ಇನ್ನೆರಡು ಮೊಳೆ ಹೊಡೆಯಬೇಕಾಯಿತು, ಸದ್ಯಕ್ಕೆ ಆಗಿರುವ ಬದಲಾವಣೆ ಇಷ್ಟೇ ಎಂದು ಹಳೆಯ ಅಟೆಂಡರ್ ಬಂದವರಿಗೆಲ್ಲ ಹೇಳುತ್ತಿದ್ದ.

ಬೋರ್ಡಿನ ಜೊತೆಗೆ ಒಂದು ನಮೂನೆಯೂ ಬಂದಿತ್ತು. ಪಾಲಿಕೆಯ ಸಾವಿರದ ಇನ್ನೂರು ಜನರೂ ತುಂಬಿ ಕೊಡಬೇಕು. ಅದರಲ್ಲಿ ಇದ್ದದ್ದು ಒಂದೇ ಪ್ರಶ್ನೆ. ನೀವು ಒಂದು ದಿನ ಕೆಲಸಕ್ಕೆ ಬರದಿದ್ದರೆ ನಗರದಲ್ಲಿ ಏನು ನಿಲ್ಲುತ್ತದೆ?

ನೀರು ಬಿಡುವ ವಾಲ್ವ್‌ಮನ್ "ನೀರು" ಎಂದು ಬರೆದ. ಬೀದಿದೀಪದ ಲೈನ್‌ಮನ್ "ದೀಪ" ಎಂದು ಬರೆದ. ಅಟೆಂಡರ್ "ಬಂದರೂ ಏನೂ ನಡೆಯುವುದಿಲ್ಲ" ಎಂದು ಬರೆದು, ಸೇವೆಯಲ್ಲಿ ಇನ್ನು ಏಳೇ ತಿಂಗಳು ಉಳಿದಿದೆ ಎಂಬ ಧೈರ್ಯದಲ್ಲಿ ಸಹಿಯನ್ನೂ ಹಾಕಿದ. ರಜಾಮೂರ್ತಿಯ ತಲೆಯಲ್ಲಿ ಇನ್ನೂ ಭಾನುವಾರದ ಗಾಳಿ ಆಡುತ್ತಿತ್ತು. ಕೊಟ್ಟಿದ್ದ ಜಾಗ ಸಾಲದೆ ಅವನು ಮೂರು ಹಾಳೆ ಲಗತ್ತಿಸಿದ.

ಆ ಮೂರು ಹಾಳೆಯ ತರ್ಕ ಹೀಗಿತ್ತು. ನಾನು ಬರದಿದ್ದರೆ ರಜೆ ಅರ್ಜಿಗಳನ್ನು ತಡೆಯುವವರು ಇಲ್ಲ. ತಡೆಯುವವರು ಇಲ್ಲದಿದ್ದರೆ ಎಲ್ಲರೂ ಒಂದೇ ದಿನ ರಜೆ ಹಾಕುತ್ತಾರೆ. ವಾಲ್ವ್‌ಮನ್ ಬರದೆ ನೀರಿಲ್ಲ, ಲೈನ್‌ಮನ್ ಬರದೆ ದೀಪವಿಲ್ಲ, ಕಸದ ಗಾಡಿ ಶೆಡ್ಡಿನಿಂದ ಹೊರಡುವುದಿಲ್ಲ. ಆದ್ದರಿಂದ ನಾನು ಬರದಿದ್ದರೆ ನಿಲ್ಲುವುದು ಇಡೀ ನಗರ. ಬರೆದು ಮುಗಿಸಿದಾಗ ಅವನಿಗೇ ಒಂದು ಗಳಿಗೆ ಭಯವಾಯಿತು. ಇಷ್ಟು ದೊಡ್ಡ ಜವಾಬ್ದಾರಿ ಹೊತ್ತುಕೊಂಡು ಇಷ್ಟು ವರ್ಷ ಬಸ್ಸಿನಲ್ಲಿ ನಿಂತುಕೊಂಡು ಓಡಾಡಿದೆನಲ್ಲ ಎಂದುಕೊಂಡ.

ವಾರ ಕಳೆದು ಆದೇಶ ಬಂತು. ಮೇಡಂ ಆ ಮೂರು ಹಾಳೆಗಳನ್ನು ಆಯುಕ್ತರ ಮುಂದೆ ತಾವೇ ಓದಿದ್ದರಂತೆ. ಪಾಲಿಕೆಯ ಇತಿಹಾಸದಲ್ಲೇ ಮೊದಲ ಬಾರಿಗೆ "ಅನಿವಾರ್ಯ ಸಿಬ್ಬಂದಿ" ಎಂಬ ಪಟ್ಟಿ ತಯಾರಾಗಿತ್ತು. ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು. ಕೆಳಗಿನ ಮೊಗಸಾಲೆಯ ನೋಟಿಸ್ ಬೋರ್ಡಿನಲ್ಲಿ ರಜಾಮೂರ್ತಿಯ ಫೋಟೋ ಬಂತು. ಅವನು ಅರ್ಧ ಗಂಟೆ ಅದರ ಪಕ್ಕದಲ್ಲೇ ನಿಂತು, ಹೋಗುವವರು ಬರುವವರು ಕೈಕುಲುಕಲು ಅನುಕೂಲ ಮಾಡಿಕೊಟ್ಟ.

ಕನ್ನಡಕ ಹಾಕಿಕೊಂಡು ಆದೇಶವನ್ನು ಕೊನೆಯವರೆಗೆ ಓದಿದ್ದು ಅಟೆಂಡರ್ ಒಬ್ಬನೇ. ಕೊನೆಯ ಸಾಲನ್ನು ಅವನು ಗಟ್ಟಿಯಾಗಿಯೇ ಓದಿದ. ಸದರಿ ನೌಕರರಿಗೆ ಮುಂದಿನ ಆರು ತಿಂಗಳು ಯಾವುದೇ ಬಗೆಯ ರಜೆ ಮಂಜೂರು ಮಾಡತಕ್ಕದ್ದಲ್ಲ.

"ಮಗಳ ಮದುವೆ ಯಾವತ್ತು ಅಂದ್ರಿ ಸಾರ್?" ಎಂದು ಕೇಳಿದ ಅಟೆಂಡರ್.

ಮದುವೆಗೆ ಹನ್ನೆರಡು ದಿನ ಉಳಿದಿತ್ತು.

ಸದ್ಯಕ್ಕೆ ಮನೆಯಲ್ಲಿ ಹೇಳುವುದು ಬೇಡ ಎಂದು ರಜಾಮೂರ್ತಿ ತೀರ್ಮಾನಿಸಿದ. ಪಕ್ಕದ ಮನೆಯ ಟೈಲರ್ ಮನೆತೆರಿಗೆಗೆಂದು ಅದೇ ದಿನ ಪಾಲಿಕೆಗೆ ಹೋಗಿದ್ದ, ಫೋಟೋ ನೋಡಿದ್ದ, ಆದೇಶ ಓದಿದ್ದ. ರಜಾಮೂರ್ತಿ ಬಸ್ ಇಳಿಯುವ ಹೊತ್ತಿಗೆ ಅವನು ಇಡೀ ಬೀದಿಗೆ ಸುದ್ದಿ ಹಂಚಿ, ರಜಾಮೂರ್ತಿಯ ಹೆಂಡತಿಗೆ ಅಭಿನಂದನೆ ಹೇಳಿ, ಆರು ತಿಂಗಳು ರಜೆಯೇ ಇಲ್ಲವಂತೆ, ಏನು ಗೌರವ ಏನು ಗೌರವ ಎಂದು ಹೋಗಿಯೂ ಆಗಿತ್ತು.

ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿ ಇತ್ತು. ಚಪ್ಪಲಿ ಬಿಡುವವರೆಗೂ ಕಾದು, ನೀರಿನ ಲೋಟ ಕೊಟ್ಟು, ಅವನು ಕುಡಿಯುವವರೆಗೂ ನಿಂತಳು.

"ಮದುವೆ ದಿನ ಹುಡುಗಿ ಅಪ್ಪ ಎಲ್ಲಿ ಅಂತ ಕೇಳ್ತಾರೆ. ಬೋರ್ಡಲ್ಲಿರೋ ಫೋಟೋ ತಂದು ಕುರ್ಚಿ ಮೇಲೆ ಇಡ್ಲಾ?"

ಬಾಮೈದ ಫೋನಿನಲ್ಲಿ ಧೈರ್ಯ ಹೇಳಿದ. ಸುಮ್ಮನೆ ಒಂದು ಗಂಟೆ ಎದ್ದು ಬಂದುಬಿಡಿ ಭಾವ, ಯಾರು ಕೇಳುತ್ತಾರೆ ಎಂದ. ಅದೊಂದು ಮಾತ್ರ ರಜಾಮೂರ್ತಿಯಿಂದ ಆಗುವಂಥದ್ದಲ್ಲ. ಮಂಜೂರಾಗದ ರಜೆಯ ಮೇಲೆ ಹೋದವರಿಗೆ ಇಪ್ಪತ್ತಾರು ವರ್ಷ ನೋಟಿಸ್ ಕಳಿಸಿದ ಕೈ ಅದು. ಕದ್ದು ಹೋದರೆ ತನ್ನ ನೋಟಿಸನ್ನೂ ತಾನೇ ಬರೆದುಕೊಳ್ಳಬೇಕಾಗುತ್ತಿತ್ತು. ಬರೆದುಕೊಳ್ಳುತ್ತಲೂ ಇದ್ದ.

ಹಾಗಾಗಿ ಉಳಿದದ್ದು ಒಂದೇ ದಾರಿ. ತಾನು ಕೆಲಸಕ್ಕೆ ಬಾರದವನು ಎಂದು ಸಾಬೀತು ಮಾಡುವುದು. ಅದು ಸುಲಭ ಎಂದು ಅವನು ತಿಳಿದಿದ್ದ.

ಮೇಡಂ ಮುಂದೆ ಹೋಗಿ, ಮೂರು ಹಾಳೆಯಲ್ಲಿ ಬರೆದದ್ದೆಲ್ಲ ಬರೀ ಬುರುಡೆ, ತನ್ನಿಂದ ಏನೂ ನಡೆಯುವುದಿಲ್ಲ, ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದು ಕೈಮುಗಿದು ಹೇಳಿದ. ಮೇಡಂ ತುಂಬ ಗಮನವಿಟ್ಟು ಕೇಳಿದರು. ಅತಿಯಾಗಿ ದುಡಿದವರಿಗೆ ಹೀಗೆ ಅನಿಸುವುದು ಸಹಜ, ತಾವು ಇದನ್ನು ತರಬೇತಿಯಲ್ಲಿ ಓದಿದ್ದೇವೆ ಎಂದರು. ಸಂಜೆಯೊಳಗೆ ಅವನ ಹಳೆಯ ಮರದ ಕುರ್ಚಿ ಹೋಗಿ ಬೆನ್ನಿಗೆ ಆಸರೆ ಇರುವ ಗಾಲಿ ಕುರ್ಚಿ ಬಂತು. ಕೂತ ತಕ್ಷಣ ಅದು ಅವನನ್ನು ಕರೆದುಕೊಂಡು ಬೀರುವಿನವರೆಗೂ ಹೋಯಿತು.

ಆದರೆ ಮೇಡಂ ನ್ಯಾಯವಂತರು. ನಿಮ್ಮ ಮಾತೇ ನಿಜವಾದರೆ ನಿಮ್ಮಿಂದ ರಜೆ ಪಡೆದ ನೌಕರರ ಹೇಳಿಕೆ ತನ್ನಿ, ನೋಡೋಣ ಎಂದರು.

ರಜಾಮೂರ್ತಿಗೆ ಜೀವ ಬಂತು. ಅವನನ್ನು ಬೈಯದ ನೌಕರ ಪಾಲಿಕೆಯಲ್ಲಿ ಇರಲಿಲ್ಲ. ಕಾರಣ ಆ ಪೆನ್ಸಿಲು. ಯಾವುದೇ ರಜೆ ಅರ್ಜಿ ಬಂದರೂ ಅವನು ಅಂಚಿನಲ್ಲಿ "ಬದಲಿ ಯಾರು?" ಎಂದು ಬರೆದು ವಾಪಸ್ ಕಳಿಸುತ್ತಿದ್ದ. ಜ್ವರ ಎಂದರೂ ಅಷ್ಟೆ, ಬಾಣಂತನ ಎಂದರೂ ಅಷ್ಟೆ. ನಿನ್ನ ಜಾಗದಲ್ಲಿ ಆ ದಿನ ಯಾರು ನಿಲ್ಲುತ್ತಾರೆ ಎಂದು ಬರೆಯದಿದ್ದರೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ.

ಮೊದಲು ಲೈನ್‌ಮನ್ ಹತ್ತಿರ ಹೋದ. ಅವನು ಏಣಿಯ ಮೇಲಿನಿಂದ ಇಳಿದು, ಕಾಗದ ನೋಡಿ, ತಲೆ ಕೆರೆದುಕೊಂಡ. ತನ್ನ ತಾಯಿಯ ಆಪರೇಷನ್ ದಿನ ಬದಲಿ ಸಿಗದೆ ರಜಾಮೂರ್ತಿಯೇ ಬಂದು ನಾಲ್ಕು ಬೀದಿಯ ದೀಪದ ಸ್ವಿಚ್ ಹಾಕಿದ್ದನ್ನು ನೆನಪಿಸಿದ. ನಿಮ್ಮನ್ನು ದಂಡಪಿಂಡ ಎಂದು ಬರೆಯಲು ಕೈ ಬರುವುದಿಲ್ಲ ಸಾರ್ ಎಂದ. ಅಂದದ್ದನ್ನೆಲ್ಲ ಬರೆದು ಸಹಿ ಹಾಕಿ ಕೊಟ್ಟ.

ಆಮೇಲೆ ಗುಡಿಸುವವರ ಮೇಸ್ತ್ರಿ. ಐವತ್ತು ದಾಟಿದ ಹೆಂಗಸು, ಆಕೆಯ ಬಾಯಿಗೆ ಆಯುಕ್ತರೂ ಹೆದರುತ್ತಿದ್ದರು. ಆಕೆ ಸಂತೋಷವಾಗಿ ಒಪ್ಪಿಕೊಂಡಳು. ತಾನು ಹೇಳುತ್ತೇನೆ, ನೀನೇ ಬರೆದುಕೋ ಎಂದು ಕೂತಳು.

"ಬರ್ಕೋ. ಈ ಮನುಷ್ಯ ಮಹಾ ಪೀಡೆ. ಮೊಮ್ಮಗು ಹುಟ್ಟಿದಾಗ ನನ್ನ ಅರ್ಜಿ ಮೂರು ಸಲ ವಾಪಸ್ ಕಳ್ಸಿದಾನೆ." ರಜಾಮೂರ್ತಿ ಖುಷಿಯಿಂದ ಬರೆದುಕೊಂಡ. "ನಾಲ್ಕನೇ ಸಲ ಇವನೇ ನಾಲ್ಕು ಬೀದಿ ಸುತ್ತಿ, ನನ್ನ ಜಾಗಕ್ಕೆ ಒಬ್ಬಳನ್ನ ಒಪ್ಸಿ, ನನ್ನನ್ನ ಆಸ್ಪತ್ರೆಗೆ ಬಸ್ ಹತ್ತಿಸ್ದ. ಅದನ್ನೂ ಬರ್ಕೋ. ಯಾಕೆ ನಿಲ್ಸಿದೆ?"

ಹೀಗೆಯೇ ಆಯಿತು. ಎಲ್ಲರೂ ಬೈಗುಳದಿಂದ ಆರಂಭಿಸಿ ಬೇರೆ ಕಡೆ ಹೋಗಿ ನಿಲ್ಲುತ್ತಿದ್ದರು. ಕೊನೆಗೆ ಅಟೆಂಡರ್ ಮಾತ್ರ ಸ್ನೇಹಕ್ಕಾಗಿ ಸುಳ್ಳು ಹೇಳಲು ಮುಂದಾಗಿ, ಇವರು ಮಧ್ಯಾಹ್ನ ಮೇಜಿನ ಮೇಲೆ ಮಲಗುತ್ತಾರೆ ಎಂದು ಬರೆದುಕೊಟ್ಟ. ಮೇಡಂ ಅದನ್ನು ಓದಿ, ಊಟಕ್ಕೂ ಮನೆಗೆ ಹೋಗುವುದಿಲ್ಲ ಎಂದಾಯಿತು ಎಂದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದರು. ಹೇಳಿಕೆಗಳ ಕಡತ ಎರಡು ಬೆರಳು ದಪ್ಪವಾಯಿತು. ಅದನ್ನು ಮಾದರಿ ಎಂದು ಬೇರೆ ವಿಭಾಗಗಳಿಗೂ ಕಳಿಸುವ ಮಾತು ಕೇಳಿಬಂತು.

ಮದುವೆಗೆ ಐದು ದಿನ ಇರುವಾಗ ರಜಾಮೂರ್ತಿ ಬೇರೆ ದಾರಿ ಕಾಣದೆ ಒಂದು ರಜೆ ಅರ್ಜಿ ಬರೆದ. ಮಗಳ ಮದುವೆ, ಒಂದೇ ಒಂದು ದಿನ. ಇಪ್ಪತ್ತಾರು ವರ್ಷದಲ್ಲಿ ತನಗಾಗಿ ಬರೆದ ಅರ್ಜಿಗಳಲ್ಲಿ ಅದು ಮೂರನೆಯದು. ಒಂದು ತಾಯಿ ತೀರಿಕೊಂಡಾಗ, ಇನ್ನೊಂದು ಈ ಮಗಳು ಹುಟ್ಟಿದಾಗ.

ಸೋಮವಾರ ಅರ್ಜಿ ವಾಪಸ್ ಬಂತು. ಮೇಡಂ ಬಂದ ಮೇಲೆ ವಿಭಾಗದ ಹಳೆಯ ಕಡತಗಳನ್ನೆಲ್ಲ ಓದಿ ಇಲ್ಲಿಯ ಪದ್ಧತಿಗಳನ್ನು ಶ್ರದ್ಧೆಯಿಂದ ಕಲಿತಿದ್ದರು. ಅಂಚಿನಲ್ಲಿ ಪೆನ್ಸಿಲಿನಿಂದ ಎರಡೇ ಪದ ಬರೆದಿದ್ದರು.

ಬದಲಿ ಯಾರು?

ರಜಾಮೂರ್ತಿ ಆ ಕಾಗದವನ್ನು ಎಷ್ಟೋ ಹೊತ್ತು ನೋಡಿದ. ಬೇರೆಯವರಿಗೆ ಅದನ್ನು ಬರೆಯುವಾಗ ಅವು ಬರೀ ಎರಡು ಪದ. ತನಗೆ ಬಂದಾಗ ಅದು ಪ್ರಶ್ನೆಯಾಯಿತು. ಎಲ್ಲರಿಗೂ ಬದಲಿ ಹುಡುಕಿ ಕೊಟ್ಟವನಿಗೆ ತನ್ನ ಬದಲಿ ಯಾರೆಂದು ಹೊಳೆಯಲಿಲ್ಲ. ಮಗಳು ಪುಸ್ತಕದ ಮುಂದೆ ಪೆನ್ನು ಹಿಡಿದು ಬಾಗಿಲ ಕಡೆ ನೋಡುವುದು ಕಣ್ಣ ಮುಂದೆ ಬಂತು. ಗಾಲಿ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಅವನು ಅತ್ತೇಬಿಟ್ಟ.

ಆ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದವನು ವಾಲ್ವ್‌ಮನ್. ಪೈಪು ಎಳೆಯುವಾಗ ಬಲಗೈ ಉಳುಕಿ, ಕತ್ತಿಗೆ ಬಟ್ಟೆ ಕಟ್ಟಿ ಅದರಲ್ಲಿ ಕೈ ತೂಗುಹಾಕಿಕೊಂಡು ರಜೆ ಕೇಳಲು ಬಂದಿದ್ದ.  ಮೇಜಿನ ಮೇಲಿದ್ದ ರಜಾಮೂರ್ತಿಯ ಅರ್ಜಿಯನ್ನು ಎಡಗೈಯಲ್ಲಿ ಎತ್ತಿಕೊಂಡು ಹೊರಟುಹೋದ.

ಮಂಗಳವಾರ ಅರ್ಜಿ ಮೇಡಂ ಮೇಜಿಗೆ ಬಂದಾಗ ಅದಕ್ಕೆ ಎರಡು ಹಾಳೆ ಅಂಟಿಕೊಂಡಿದ್ದವು. ಬದಲಿ ಯಾರು ಎಂಬುದರ ಕೆಳಗೆ ನಲವತ್ತು ಹೆಸರು, ನಲವತ್ತು ಸಹಿ. ಮೇಸ್ತ್ರಿಯದು ಹೆಬ್ಬೆಟ್ಟು. ಮೇಡಂ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಲೆಕ್ಕ ಹಾಕಿದರು. ಹತ್ತರಿಂದ ಐದೂವರೆ, ಊಟಕ್ಕೆ ಐವತ್ತು ನಿಮಿಷ ಕಳೆದರೆ ಉಳಿಯುವುದು ನಾನೂರು ನಿಮಿಷ. ತಲಾ ಹತ್ತು ನಿಮಿಷ. ಅನಿವಾರ್ಯ ಸಿಬ್ಬಂದಿಗೆ ಸಾಮೂಹಿಕ ಬದಲಿ ಎಂಬ ಹೊಸ ಆದೇಶವೇ ಹೊರಟಿತು. ಬುಧವಾರ ಎಲ್ಲರಿಗೂ ತರಬೇತಿಯಾಯಿತು. ಒಬ್ಬೊಬ್ಬರೇ ಬಂದು ಹತ್ತು ನಿಮಿಷ ಗಾಲಿ ಕುರ್ಚಿಯಲ್ಲಿ ಕೂತು, ಬೀರುವಿನವರೆಗೂ ಹೋಗಿ ಬಂದು, ಸೀಲು ಹಿಡಿಯುವುದನ್ನು ಕಲಿತರು.

ಗುರುವಾರ ಬೆಳಿಗ್ಗೆ ರಜಾಮೂರ್ತಿ ಹೊಸ ಬಿಳಿ ಅಂಗಿ ಹಾಕಿಕೊಂಡು ಮದುವೆ ಹಾಲ್‌ನ ಬಾಗಿಲಲ್ಲಿ ನಿಂತ. ಹತ್ತು ಗಂಟೆಗೆ ಲೈನ್‌ಮನ್ ಬಂದ, ಹೆಂಡತಿ ಮಕ್ಕಳ ಸಮೇತ. ಹತ್ತು ಗಂಟೆ ಐದು ನಿಮಿಷಕ್ಕೆ ಮೇಸ್ತ್ರಿ ಬಂದಳು. ಆಮೇಲೆ ಬರುತ್ತಲೇ ಇದ್ದರು. ರಜಾಮೂರ್ತಿ ಎಲ್ಲರಿಗೂ ಕೈಮುಗಿಯುತ್ತ ಒಳಗೊಳಗೇ ಎಣಿಸುತ್ತಿದ್ದ. ನಲವತ್ತಕ್ಕೆ ಎಣಿಕೆ ನಿಂತಿತು. ಹತ್ತೇ ನಿಮಿಷ ತಾನೇ, ಮುಂದಿನವರು ನೋಡಿಕೊಳ್ಳುತ್ತಾರೆ ಎಂದು ನಲವತ್ತು ಜನರೂ ಅಂದುಕೊಂಡಿದ್ದರು.

ಅಷ್ಟರಲ್ಲಿ ಫೋನ್. ಮೇಡಂ.

"ಸಾರ್, ಇಲ್ಲಿ ಯಾರೂ ಇಲ್ಲ. ನಿಮ್ಮ ಕುರ್ಚೀಲಿ ನಾನೇ ಕೂತಿದೀನಿ. ಆಗ್ಲೇ ಮೂರು ಜನ ಅರ್ಜಿ ಹಿಡ್ಕೊಂಡು ನಿಂತಿದಾರೆ. ಏನ್ ಹೇಳ್ಲಿ?"

ರಜಾಮೂರ್ತಿಯ ಕಾಲು ತಾನಾಗಿ ಬಸ್ ನಿಲ್ದಾಣದ ಕಡೆ ತಿರುಗಿತು. ಒಳಗಿನಿಂದ ಮಗಳ ನಗು ಕೇಳಿಸಿತು. ಕಾಲು ನಿಂತಿತು.

"ಬದಲಿ ಯಾರು ಅಂತ ಕೇಳಿ ಮೇಡಂ" ಎಂದ. "ಇಲ್ಲ ಅಂತಾರೆ. ಆಮೇಲೆ ನೀವೇ ಹುಡುಕಿ ಕೊಡಿ. ಅಷ್ಟೇ ಕೆಲಸ."

ಆ ಕಡೆ ಪೆನ್ಸಿಲಿನಿಂದ ಬರೆದುಕೊಳ್ಳುವ ಸದ್ದು ಕೇಳಿಸಿತು. ಆಮೇಲೆ ಮೇಡಂ, ಮೂರು ಹಾಳೆಯಲ್ಲಿ ನೀವು ಇದನ್ನು ಬರೆದೇ ಇರಲಿಲ್ಲ ಎಂದು ಹೇಳಿ ಫೋನ್ ಇಟ್ಟರು.

ಫೋನ್ ಜೇಬಿಗೆ ಹೋಗುವಷ್ಟರಲ್ಲಿ ಅಡುಗೆಯವರ ಗಲಾಟೆ. ನಲ್ಲಿಯಲ್ಲಿ ನೀರು ನಿಂತಿತ್ತು. ಬೆಳಗಿನ ನೀರು ಬಿಡಬೇಕಾದ ವಾಲ್ವ್‌ಮನ್ ಮೊದಲನೆಯ ಸಾಲಿನಲ್ಲಿ, ಕತ್ತಿಗೆ ಕೈ ಕಟ್ಟಿಕೊಂಡು, ಹೊಸ ಶರ್ಟು ತೊಟ್ಟು ಕೂತಿದ್ದ. ರಜಾಮೂರ್ತಿ ಅಭ್ಯಾಸಬಲದಿಂದ ಅವನನ್ನು ಕೇಳಬೇಕಾದ್ದನ್ನೇ ಕೇಳಿದ. ನಿನ್ನ ಬದಲಿ ಯಾರು?

"ನೀವೇ ಸಾರ್" ಎಂದ ವಾಲ್ವ್‌ಮನ್. "ನಿನ್ನೆ ನಿಮ್ಮ ಕುರ್ಚೀಲಿ ಕೂತಾಗ ನನ್ನ ರಜೆ ನಾನೇ ಮಂಜೂರು ಮಾಡ್ಕೊಂಡೆ. ಬದಲಿ ಅಂತಿರೋ ಕಡೆ ನಿಮ್ಮ ಹೆಸ್ರು ಬರ್ದೆ. ಯಾರೂ ಸಿಗ್ದೇ ಇದ್ರೆ ಯಾವಾಗ್ಲೂ ನೀವೇ ತಾನೇ ಬರೋದು?"

ಗಂಟೆ ಹತ್ತು ಇಪ್ಪತ್ತು. ವಾದ ಮಾಡಲು ಹೊತ್ತಿರಲಿಲ್ಲ, ವಾದ ಮಾಡಿದರೂ ಎರಡು ಬೆರಳು ದಪ್ಪದ ಹೇಳಿಕೆಗಳ ಪುರಾವೆ ತನ್ನ ವಿರುದ್ಧವೇ ಇತ್ತು. ವಾಲ್ವ್‌ಮನ್‌ನ ಗಾಡಿಯಲ್ಲಿದ್ದ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ರಜಾಮೂರ್ತಿ ಗೇಟಿನ ಆಚೆಯ ತಿರುವಿಗೆ ಓಡಿದ. ರಸ್ತೆಯ ಅಂಚಿನ ಗುಂಡಿಯ ಮುಚ್ಚಳ ಸರಿಸಿ, ಮಂಡಿಯೂರಿ, ಹಿಂದೆಯೇ ಬಂದ ವಾಲ್ವ್‌ಮನ್ ಮೇಲಿನಿಂದ ಎಣಿಸುತ್ತಿದ್ದಂತೆ ಎಡಕ್ಕೆ ತಿರುಗಿಸತೊಡಗಿದ. ಹನ್ನೆರಡನೆಯ ಸುತ್ತಿಗೆ ಗುಂಡಿಯ ಒಳಗೆ ಎಲ್ಲೋ ಸಂದು ಬಿಟ್ಟುಕೊಂಡು ನೀರು ನೆಟ್ಟಗೆ ಅವನ ಮುಖಕ್ಕೆ ಚಿಮ್ಮಿತು. ಅವನು ಕೀಲಿ ಬಿಡಲಿಲ್ಲ. ಹದಿನಾಲ್ಕನೆಯ ಸುತ್ತಿಗೆ ಅಡುಗೆಮನೆಯಿಂದ "ಬಂತು" ಎಂದು ಕೂಗು ಕೇಳಿಸಿತು. ಆ ಬೀದಿಯ ಮನೆಗಳಲ್ಲೂ ಒಂದೊಂದಾಗಿ ಬಕೆಟಿಗೆ ನೀರು ಬೀಳುವ ಸದ್ದು ಆಯಿತು.

ತಲೆ ಎತ್ತಿದರೆ ಗೇಟಿನಲ್ಲಿ ಬೀಗರು ನಿಂತಿದ್ದರು. ಹುಡುಗಿಯ ಅಪ್ಪನನ್ನು ಹುಡುಕಿಕೊಂಡು ಬಂದವರು ಗಡಿಯಾರ ನೋಡುವುದನ್ನೇ ಮರೆತಿದ್ದರು. ರಜಾಮೂರ್ತಿಯ ಕೈಯಲ್ಲಿದ್ದ ಕೀಲಿಯನ್ನೂ ಬೀದಿಯ ನಲ್ಲಿಗಳನ್ನೂ ಒಂದು ಸಲ ನೋಡಿದರು. ಅವನ ಇನ್ನೊಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಹತ್ತೂವರೆಗೆ ಸರಿಯಾಗಿ ರಜಾಮೂರ್ತಿ ಮೇಜಿನ ಮುಂದೆ ನಿಂತಿದ್ದ, ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೆಂಡತಿ ಸೆರಗಿನಿಂದ ಅವನ ಮುಖ ಒರೆಸಿದಳು. ಮಗಳು ಪೆನ್ನನ್ನು ಅಪ್ಪನ ಕೈಗೆ ಕೊಟ್ಟಳು. ನೋಂದಣಿಯವರು ತಲೆ ಎತ್ತದೆ, ಮೊದಲ ಸಾಕ್ಷಿ, ಹುಡುಗಿಯ ತಂದೆ, ಉದ್ಯೋಗ ಏನು ಎಂದು ಕೇಳಿದರು.

ಬಾಮೈದ ಬಾಯಿ ತೆರೆದ. ಈ ಸಲ ರಜಾಮೂರ್ತಿಯೇ ಮುಂದಾದ.

"ರಜೆ ಗುಮಾಸ್ತ ಸಾರ್. ರಜೆ ಅರ್ಜಿ ನೋಡ್ತೀನಿ, ಅಷ್ಟೇ" ಎಂದ.

"ಹೌದಾ" ಎಂದರು ಬೀಗರು. ಆಮೇಲೆ ಮೇಜಿನ ಮೇಲೆ ಬಗ್ಗಿ, ನೋಂದಣಿಯವರಿಗೆ ಮಾತ್ರ ಕೇಳಿಸುವಂತೆ ಹೇಳಿದರು. "ದೊಡ್ಡ ಮನುಷ್ಯರು, ಹೇಳ್ಕೊಳ್ಳಲ್ಲ. ಊರಿಗೆ ನೀರು ಬಿಡೋರು ಅಂತ ಬರ್ಕೊಳ್ಳಿ ನೀವು."